ಕಳಲೆಯ ಬೀಗರು

ಕಳಲೆಗೆ ನಾನು ಮೊದಲು ಹೋದದ್ದು ಒಂದು ಹುಣಸೆಮರದ ಸಲುವಾಗಿ. ದಾಯಾದಿಗಳಿಬ್ಬರ ಹಿತ್ತಿಲ ನಡುವೆ ನಿಂತ ಮರ. ಬುಡ ಒಬ್ಬನ ಪಾಲಿನಲ್ಲಿ, ಕಾಯಿ ಬಿಡುವ ಕೊಂಬೆಗಳೆಲ್ಲ ಇನ್ನೊಬ್ಬನ ಕಡೆ. ದಾವೆಗೆ ಆಗಲೇ ಹನ್ನೊಂದು ವರ್ಷ. ಕೋರ್ಟು ನನ್ನನ್ನು ಕಮಿಷನರ್ ಮಾಡಿ, ಸ್ಥಳ ನೋಡಿ ನಕ್ಷೆ ಸಮೇತ ವರದಿ ಕೊಡಿ ಎಂದು ಕಳಿಸಿತ್ತು. ಬೆಳಿಗ್ಗೆಯೇ ಬರಬೇಕಾಗಿದ್ದ ಸರ್ವೇಯರು ಮಧ್ಯಾಹ್ನವಾದರೂ ಪತ್ತೆಯಿಲ್ಲ. ವಾದಿಯ ಮನೆಯಲ್ಲಿ ಕಾಫಿ ಕುಡಿದರೆ ಪ್ರತಿವಾದಿಗೆ ಸಿಟ್ಟು, ಪ್ರತಿವಾದಿಯ ಜಗಲಿಯಲ್ಲಿ ಕೂತರೆ ವಾದಿಗೆ ಅನುಮಾನ. ಇಬ್ಬರ ಸಹವಾಸವೂ ಬೇಡವೆಂದು ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದ ನೆರಳಿಗೆ ಹೋಗಿ ಕೂತೆ.

ಅಲ್ಲಿ ಮುದುಕರೊಬ್ಬರು ತೆಂಗಿನಗರಿ ಸಿಗಿದು ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಎಲ್ಲಿಯವರು, ಏನು ಕೆಲಸ ಎಂದೆಲ್ಲ ವಿಚಾರಿಸಿಕೊಂಡ ಮೇಲೆ, "ಇದು ದಳವಾಯಿಗಳ ಊರು ಬುದ್ಧಿ. ಮೈಸೂರು ಸೀಮೆ ಆಳಿದ್ದು ಇಲ್ಲಿಯೋರೇ" ಎಂದರು.

"ಆಳಿದೋರು ಒಡೆಯರಲ್ಲವಾ ಯಜಮಾನ್ರೆ?"

"ಗದ್ದುಗೆ ಮೇಲೆ ಕುಂತಿದ್ದೋರು ಒಡೇರು." ಒಂದು ಕಡ್ಡಿ ಉದ್ದಕ್ಕೆ ಸೀಳಿ ಪಕ್ಕಕ್ಕಿಟ್ಟರು. "ಕೂರಿಸ್ದೋರು ನಮ್ಮೂರೋರು."

ಮೂವತ್ತು ವರ್ಷ ಮೈಸೂರಿನಲ್ಲಿ ನಾನು ನಡೆಸಿದ್ದು ಹೆಚ್ಚೂಕಡಿಮೆ ಪಾಲಿನ ದಾವೆಗಳನ್ನೇ. ವಂಶವೃಕ್ಷ, ದತ್ತಕ, ಪೌತಿ ಖಾತೆ, ಮೈನರನ ಗಾರ್ಡಿಯನ್ನು ಯಾರು, ಅತ್ತೆಗೆ ಜೀವನಾಂಶ ಎಷ್ಟು – ಇವೇ. ಹಾಗಾಗಿ ಆ ಮುದುಕರ ಮಾತಿನ ಜಾಡು ಹಿಡಿದು, ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್‌ನನ್ನು, ಹಯವದನರಾಯರನ್ನು ಓದತೊಡಗಿದಾಗ ನನಗೆ ಅದು ಇತಿಹಾಸದ ಹಾಗೆ ಕಾಣಲೇ ಇಲ್ಲ. ಕಟ್ಟು ಬಿಚ್ಚಿದರೆ ಒಳಗಿರುವುದೆಲ್ಲ ಪರಿಚಿತ ಕಾಗದಗಳೇ. ಎರಡು ಮನೆ, ಬೀಗತನ, ಒಂದು ಹಳೆಯ ಒಪ್ಪಂದ, ಒಬ್ಬ ಚಿಕ್ಕ ಹುಡುಗ.

ಒಪ್ಪಂದದಿಂದ ಶುರುಮಾಡಬೇಕು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದರಲ್ಲ, ಆಗ ಮೈಸೂರಿನವರೂ ಕಳಲೆಯವರೂ ಹೆಚ್ಚುಕಡಿಮೆ ಸರೀಕರು. ಇಬ್ಬರೂ ಅರಸು ಮನೆತನದವರು, ಹೆಣ್ಣು ಕೊಟ್ಟು ತಂದುಕೊಳ್ಳುವವರು, ಮತ್ತು ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಒಳಗೊಳಗೇ ಗುಮಾನಿ. ಹದಿನೇಳನೆಯ ಶತಮಾನದ ಆರಂಭದಲ್ಲಿ ಅವರು ಮಾಡಿಕೊಂಡ ಏರ್ಪಾಡು ಸರಳ: ದೊರೆತನ ಮೈಸೂರು ಮನೆಗೆ, ದಂಡಿನ ಯಜಮಾನಿಕೆ, ಅಂದರೆ ದಳವಾಯಿ ಹುದ್ದೆ, ಕಳಲೆ ಮನೆಗೆ. ಸೀಮೆ ಒಡೆಯಲಿಲ್ಲ, ಅಧಿಕಾರವನ್ನು ಹೋಳುಮಾಡಿಕೊಂಡರು. ಜಮೀನು ಒಬ್ಬನ ಖಾತೆಯಲ್ಲಿ, ಬೇಸಾಯ ಇನ್ನೊಬ್ಬನ ಕೈಯಲ್ಲಿ ಇದ್ದ ಎಷ್ಟು ಫೈಲುಗಳನ್ನು ನಾನು ನೋಡಿಲ್ಲ! ಎರಡು ತಲೆಮಾರು ಹಾಗೇ ನಡೆಯುತ್ತದೆ. ಮೂರನೆಯ ತಲೆಮಾರಿನಲ್ಲಿ ಖಾತೆದಾರ ಹೊಲ ನೋಡಲು ಬರುತ್ತಾನೆ, ಬೇಸಾಯದವನು 'ಯಾರು ನೀನು' ಅನ್ನುತ್ತಾನೆ.

ಇಲ್ಲಿ ಅಷ್ಟು ದಿನವೂ ಬೇಕಾಗಲಿಲ್ಲ. 1638ರಲ್ಲಿ, ಪಟ್ಟಕ್ಕೆ ಬಂದು ವರ್ಷ ಕಳೆಯುವಷ್ಟರಲ್ಲೇ ಇಮ್ಮಡಿ ರಾಜ ಒಡೆಯರು ಸತ್ತರು. ಕೊಲ್ಲಿಸಿದವನು ದಳವಾಯಿ ವಿಕ್ರಮರಾಯ. ಅವನು ಕಳಲೆಯವನಲ್ಲ ಅನ್ನುವುದನ್ನು ಕಳಲೆಯ ಪರವಾಗಿ ನಾನೇ ದಾಖಲಿಸಿಬಿಡುತ್ತೇನೆ. ಆದರೆ ಆ ಹುದ್ದೆಯಲ್ಲಿ ಎಷ್ಟು ಕಸುವಿದೆ ಎಂಬುದು ಅಂದೇ ಎಲ್ಲರಿಗೂ ಗೊತ್ತಾಯಿತು. ಆಮೇಲೆ ಪಟ್ಟಕ್ಕೆ ಬಂದ ಕಂಠೀರವ ನರಸರಾಜರು ಗಟ್ಟಿ ಆಸಾಮಿ. ವಿಕ್ರಮರಾಯನನ್ನು ಮುಗಿಸಿ ನೆಮ್ಮದಿಯಾಗಿ ಆಳಿದರು. ಚಿಕ್ಕದೇವರಾಜರ ಕಾಲದಲ್ಲೂ, ಅಂದರೆ 1673ರಿಂದ 1704ರವರೆಗೆ, ದಳವಾಯಿ ಅಂದರೆ ದೊರೆ ಹೇಳಿದ್ದನ್ನು ಮಾಡುವವನು, ಅಷ್ಟೇ. ತೊಡಕು ಶುರುವಾದದ್ದು ಅವರ ಮಗನಿಂದ. ಇಮ್ಮಡಿ ಕಂಠೀರವರಿಗೆ ಹುಟ್ಟಿನಿಂದ ಮಾತಿಲ್ಲ, ಜನ ಮೂಕರಸು ಎಂದೇ ಕರೆದರು. ದೊರೆ ಮಾತಾಡದಿದ್ದರೆ ಅವರ ಪರವಾಗಿ ಮಾತಾಡಲು ಜನ ಬೇಕು. ಹಾಗೆ ಮಾತಾಡಿದವರು ಮತ್ತೆ ಸುಮ್ಮನಾಗಲಿಲ್ಲ.

1732ರಲ್ಲಿ ದೊಡ್ಡ ಕೃಷ್ಣರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡರು. ತಲಕಾಡಿನ ಅಲಮೇಲಮ್ಮನ ಶಾಪದ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮೈಸೂರು ದೊರೆಗಳಿಗೆ ಸಂತಾನವಾಗದು ಎಂಬ ಆ ಮಾತನ್ನು ಅಜ್ಜಿಯರು ಹೇಳುವುದು ದೇವರ ಲೆಕ್ಕದಲ್ಲಿ. ನನ್ನ ಕಸುಬಿನವರಿಗೆ ಅದು ಬೇರೆ ಥರ ಕಾಣುತ್ತದೆ. ಮಗನಿಲ್ಲದ ಮನೆಗೆ ದತ್ತು ಬರಬೇಕು. ದತ್ತು ಬರಬೇಕಾದರೆ ಯಾರೋ ಹುಡುಗನನ್ನು ಆರಿಸಬೇಕು. ಆರಿಸುವ ಹಕ್ಕು ಯಾರದೋ ಆಸ್ತಿಯೂ ಅವರದೇ, ಹುಡುಗನಿಗೆ ಮೀಸೆ ಬರುವವರೆಗೆ. ಮೀಸೆ ಬಾರದಂತೆ ನೋಡಿಕೊಂಡರೆ ಕೊನೆಯವರೆಗೆ.

ಆ ವೇಳೆಗೆ ಕಳಲೆಯ ದೇವರಾಜಯ್ಯ ದಳವಾಯಿ. ಆರಿಸಿ ತಂದ ಚಾಮರಾಜ ಒಡೆಯರಿಗೆ ದುರದೃಷ್ಟವಶಾತ್ ಆಗಲೇ ಮೀಸೆ ಬಂದಿತ್ತು. ದಳವಾಯಿಯ ಹಿಡಿತ ಬಿಡಿಸಿಕೊಳ್ಳಲು ಹೊರಟರು. ಎರಡೇ ವರ್ಷ, 1734ರಲ್ಲಿ ಅವರನ್ನು ಇಳಿಸಿ ಕಬ್ಬಾಳದುರ್ಗಕ್ಕೆ ಹಾಕಿದರು. ಕನಕಪುರದ ಕಡೆ ಹೋದವರು ಆ ಬಂಡೆ ನೋಡಿರುತ್ತೀರಿ: ನುಣ್ಣಗೆ ಒಂದೇ ಕಲ್ಲು, ಹತ್ತಿದರೆ ಮೇಲೆ ಗಾಳಿ ಬಿಟ್ಟರೆ ಇನ್ನೇನೂ ಇಲ್ಲ. ಅಲ್ಲಿಗೆ ಕಳಿಸಿದವರನ್ನು ಬೇರೆ ಕೊಲ್ಲಬೇಕಾಗಿರಲಿಲ್ಲ. ಚಾಮರಾಜರು ಅಲ್ಲೇ ತೀರಿಕೊಂಡರು. ಈ ಸಲ ದಳವಾಯಿಗಳು ಎಡವಲಿಲ್ಲ. ಐದಾರು ವರ್ಷದ ಹುಡುಗನನ್ನು ತಂದು ಇಮ್ಮಡಿ ಕೃಷ್ಣರಾಜ ಎಂದು ಪಟ್ಟ ಕಟ್ಟಿದರು.

ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯ. ಈ ಇಡೀ ಫೈಲಿನಲ್ಲಿ ನನಗೆ ಬಿಡಿಸಲಾಗದ ಮನುಷ್ಯ ಎಂದರೆ ಇವನೇ. 1740ರ ಸುಮಾರಿಗೆ ಸರ್ವಾಧಿಕಾರಿಯಾದ. ದೊರೆಗೆ ತನ್ನ ಮಗಳನ್ನೇ ಕೊಟ್ಟ. ಹುಡುಗನ ಗಾರ್ಡಿಯನ್ನೂ ಅವನೇ, ಮಾವನೂ ಅವನೇ. ಶಿವಭಕ್ತ, ನಂಜುಂಡೇಶ್ವರನ ಒಕ್ಕಲು. 'ಶಿವಭಕ್ತಿವಿಲಾಸದರ್ಪಣ', 'ಕಕುದ್ಗಿರಿ ಮಾಹಾತ್ಮ್ಯ' ಮುಂತಾದ ಕನ್ನಡ ಗ್ರಂಥಗಳು ಅವನ ಹೆಸರಿನಲ್ಲಿವೆ. ಇದಕ್ಕಿಂತ ಸ್ವಾರಸ್ಯದ್ದು ನರಸಿಂಹಕವಿ ಸಂಸ್ಕೃತದಲ್ಲಿ ಬರೆದ 'ನಂಜರಾಜಯಶೋಭೂಷಣ'. ಓರುಗಲ್ಲಿನ ಪ್ರತಾಪರುದ್ರನನ್ನು ನಾಯಕನಾಗಿಟ್ಟು ಹಿಂದೆ ವಿದ್ಯಾನಾಥ ಬರೆದ ಅಲಂಕಾರಶಾಸ್ತ್ರದ ಅಚ್ಚಿನಲ್ಲೇ ಇದನ್ನೂ ಎರಕ ಹೊಯ್ದದ್ದು. ಉಪಮೆಗೆ ಉದಾಹರಣೆ ಬೇಕೆ, ನಂಜರಾಜ. ವೀರರಸಕ್ಕೆ ಬೇಕೆ, ನಂಜರಾಜ. ನಾಟಕದ ಲಕ್ಷಣ ತೋರಿಸಲು ಒಳಗೊಂದು ನಾಟಕವನ್ನೇ ಇಟ್ಟಿದ್ದಾನೆ ಕವಿ. ಅದರ ನಾಯಕನೂ ನಂಜರಾಜನೇ. ಓರುಗಲ್ಲಿನ ಗ್ರಂಥದಲ್ಲಿ ಕಿರೀಟವಿದ್ದ ಜಾಗಕ್ಕೆ ಮೈಸೂರಿನ ಗ್ರಂಥದಲ್ಲಿ ಮಂತ್ರಿ ಬಂದು ಕೂತಿದ್ದಾನೆ, ಕಿರೀಟವಿದ್ದ ಅಳಿಯ ಅದೇ ಅರಮನೆಯಲ್ಲಿ ಇರುವಾಗಲೇ. ಇದೊಂದು ಪುಸ್ತಕ ಸಾಕು, ಆಗಿನ ಖಾತೆ ಯಾರ ಹೆಸರಿನಲ್ಲಿತ್ತು, ಅನುಭೋಗ ಯಾರದಿತ್ತು ಎಂದು ಹೇಳಲು.

ಕವಿಗಳಿಂದ ಹೊಗಳಿಸಿಕೊಂಡವರಿಗೆ ದಿಗ್ವಿಜಯವೂ ಬೇಕಾಗುತ್ತದೆ. ಆರ್ಕಾಟಿನ ನವಾಬಗಿರಿಗೆ ಮಹಮದ್ ಅಲಿಗೂ ಚಂದಾ ಸಾಹೇಬನಿಗೂ ಜಗಳ, ಒಬ್ಬನ ಬೆನ್ನಿಗೆ ಇಂಗ್ಲಿಷರು, ಇನ್ನೊಬ್ಬನ ಬೆನ್ನಿಗೆ ಫ್ರೆಂಚರು. ತಿರುಚಿನಾಪಳ್ಳಿಯಲ್ಲಿ ಸಿಕ್ಕಿಬಿದ್ದಿದ್ದ ಮಹಮದ್ ಅಲಿ, ನೆರವು ಕೊಟ್ಟರೆ ತಿರುಚಿನಾಪಳ್ಳಿಯನ್ನೇ ಬಿಟ್ಟುಕೊಡುತ್ತೇನೆ ಎಂದು ಮೈಸೂರಿಗೆ ಕರಾರು ಮಾಡಿಕೊಟ್ಟ. ಅಣ್ಣ ದೇವರಾಜಯ್ಯ ಬೇಡವೆಂದ. ತಮ್ಮ ಕೇಳಲಿಲ್ಲ, 1751ರಲ್ಲಿ ದೊಡ್ಡ ದಂಡು ಕಟ್ಟಿಕೊಂಡು ಘಟ್ಟ ಇಳಿದ. 1752ರಲ್ಲಿ ಚಂದಾ ಸಾಹೇಬನ ತಲೆ ಹೋಯಿತು, ಮಹಮದ್ ಅಲಿಯ ಕಷ್ಟ ತೀರಿತು, ಕರಾರು ಮರೆತುಹೋಯಿತು. ಇಂಥ ಕರಾರು ಹಿಡಿದುಕೊಂಡು ನನ್ನ ಆಫೀಸಿಗೆ ಬಂದವರ ಮುಖ ನನಗೆ ಚೆನ್ನಾಗಿ ಗೊತ್ತು. ಬಿಟ್ಟು ಎದ್ದು ಹೋಗಲಾರರು. ಅಷ್ಟು ಖರ್ಚು ಮಾಡಿಯಾಗಿರುತ್ತದೆ. ನಂಜರಾಜನೂ ಎದ್ದು ಬರಲಿಲ್ಲ. ಶ್ರೀರಂಗದಲ್ಲಿ ಠಿಕಾಣಿ ಹೂಡಿ, ಇಂಗ್ಲಿಷರ ಕಡೆಯಿಂದ ಫ್ರೆಂಚರ ಕಡೆಗೆ ದಾಟಿ, 1755ರವರೆಗೆ ಮೂರು ವರ್ಷ ದಂಡಿಗೆ ಸಂಬಳ ಸುರಿದ. ಬರಿಗೈಯಲ್ಲಿ ವಾಪಸಾದ.

ಬರಿಗೈ ಎಂದೆ; ಪೂರ್ತಿ ಸರಿಯಲ್ಲ. ಅವನ ದಂಡಿನಲ್ಲಿ ಹೈದರ್ ಅಲಿ ಇದ್ದ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಈ ಸಾಮಾನ್ಯ ಸವಾರನ ಧೈರ್ಯ ನೋಡಿ ಸಣ್ಣದೊಂದು ಪಡೆ ಕೊಟ್ಟವನು ನಂಜರಾಜನೇ. ತಿರುಚಿನಾಪಳ್ಳಿಯಲ್ಲಿ ಯಜಮಾನ ಕಳೆದುಕೊಳ್ಳುತ್ತ ಹೋದ, ಹೈದರ್ ಕೂಡಿಹಾಕುತ್ತ ಹೋದ: ಕುದುರೆ, ಬಂದೂಕು, ಲೂಟಿಯ ಹಣ, ಫ್ರೆಂಚರ ಕಸರತ್ತು. ಲೆಕ್ಕ ಬರೆಯಲು ಖಂಡೇರಾಯ ಎಂಬ ಬ್ರಾಹ್ಮಣ ಗುಮಾಸ್ತನನ್ನು ಇಟ್ಟುಕೊಂಡಿದ್ದ. 1755ರ ಹೊತ್ತಿಗೆ ಹೈದರ್ ದಿಂಡಿಗಲ್ಲಿನ ಫೌಜುದಾರ.

ಇತ್ತ ಶ್ರೀರಂಗಪಟ್ಟಣದಲ್ಲಿ ಮನೆ ಖಾಲಿಯಾಗಿತ್ತು. ದಂಡೆಲ್ಲ ಘಟ್ಟದ ಕೆಳಗಿದ್ದಾಗ, ಅದೇ 1755ರಲ್ಲಿ, ಹೈದರಾಬಾದಿನ ಸಲಾಬತ್ ಜಂಗ್ ಫ್ರೆಂಚ್ ಸೇನಾನಿ ಬುಸ್ಸಿಯನ್ನು ಕರೆದುಕೊಂಡು ಕೋಟೆಯ ಮುಂದೆ ಬಂದ. ಒಪ್ಪಿದ ಕಪ್ಪ 56 ಲಕ್ಷ ರೂಪಾಯಿ. ದೇವರಾಜಯ್ಯ ದೇವಸ್ಥಾನಗಳ ಬೆಳ್ಳಿ ಬಂಗಾರ, ಅರಮನೆಯ ಒಡವೆ ಎಲ್ಲ ಕೂಡಿಸಿದರೂ ಮೂರನೆಯ ಒಂದು ಪಾಲು ತುಂಬಲಿಲ್ಲವೆಂದು ವಿಲ್ಕ್ಸ್ ಬರೆಯುತ್ತಾನೆ. ಉಳಿದದ್ದಕ್ಕೆ ಊರಿನ ಸಾಹುಕಾರರನ್ನೇ ಒತ್ತೆಯಿಟ್ಟರು. 1757ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯ ಬಂದಾಗ ಒತ್ತೆಗೂ ಜನ ಉಳಿದಿರಲಿಲ್ಲ. 32 ಲಕ್ಷಕ್ಕೆ ಒಪ್ಪಿ, ಕೈಯಲ್ಲಿದ್ದ ಚೂರುಪಾರು ಕೊಟ್ಟು, ಬಾಕಿಗೆ ತಾಲ್ಲೂಕುಗಳನ್ನೇ ಭೋಗ್ಯಕ್ಕೆ ಹಾಕಿದರು.

ಈ ಎರಡು ಕಪ್ಪಗಳ ನಡುವೆ ನಡೆದ ಒಂದು ಸಂಗತಿ ಇದೆ. ಅದನ್ನು ಬರೆಯದೆ ಬಿಡುವಂತಿಲ್ಲ. 1756ರಲ್ಲಿ ಇಮ್ಮಡಿ ಕೃಷ್ಣರಾಜರಿಗೆ ಇಪ್ಪತ್ತೆಂಟು ವರ್ಷ. ಇಪ್ಪತ್ತೆಂಟು ವರ್ಷದ ಮೈನರ್! ಕೆಲವು ಆಪ್ತರನ್ನು ಕಟ್ಟಿಕೊಂಡು ಮಾವನ ಕೈಯಿಂದ ಬಿಡಿಸಿಕೊಳ್ಳುವ ಹಂಚಿಕೆ ಹಾಕಿದರು. ಸುಳಿವು ಸಿಕ್ಕಿತು. ಅಣ್ಣ ದೇವರಾಜಯ್ಯ, ನಯವಾಗಿ ಮಾತಾಡಿ ಬಗೆಹರಿಸೋಣ ಎಂದ. ನಂಜರಾಜ ಫಿರಂಗಿ ತರಿಸಿ ಅರಮನೆಯ ಬಾಗಿಲಿಗೆ ಹಚ್ಚಿಸಿದ. ಬಾಗಿಲು ಒಡೆದು ಒಳಗೆ ನುಗ್ಗಿ, ದೊರೆಯನ್ನು ಮಣೆಯ ಮೇಲೆ ಕೂರಿಸಿ, ಅವರ ಆಪ್ತರನ್ನು ಒಬ್ಬೊಬ್ಬರಾಗಿ ಎದುರಿಗೆ ನಿಲ್ಲಿಸಿ ಮೂಗು, ಕಿವಿ ಕೊಯ್ಯಿಸಿದ. ಮೂಗು ಕೊಯ್ಯುವುದು ಮೈಸೂರು ದಂಡಿನ ಹಳೆಯ ಖ್ಯಾತಿ; ಮಧುರೆಯವರು ಕಂಠೀರವರ ಕಾಲದ ಯುದ್ಧವನ್ನು ಮೂಗು ಕೊಯ್ದ ಯುದ್ಧ ಎಂದೇ ಕರೆಯುತ್ತಾರೆ. ಆ ಕತ್ತಿ ಈಗ ಅರಮನೆಯ ನಡುಮನೆಗೆ ಬಂದಿತ್ತು. ನಂಜರಾಜನ ಮಗಳು ಆಗ ಒಳಗೆ ಇದ್ದಳೋ, ಏನು ಕೇಳಿಸಿಕೊಂಡಳೋ, ಯಾರೂ ಬರೆದಿಟ್ಟಿಲ್ಲ. ನಮ್ಮ ವಂಶವೃಕ್ಷಗಳಲ್ಲೂ ಹೆಣ್ಣುಮಕ್ಕಳನ್ನು ಹಾಗೇ ಬಿಟ್ಟಿರುತ್ತಾರೆ.

ಇದನ್ನು ಕಂಡು ಅಣ್ಣನಿಗೇ ಹೇಸಿಗೆಯಾಯಿತು. ದೇವರಾಜಯ್ಯ ಶ್ರೀರಂಗಪಟ್ಟಣ ಬಿಟ್ಟು ಸತ್ಯಮಂಗಲಕ್ಕೆ ಹೋಗಿ ಕೂತ. ಮೊದಲು ಮೈಸೂರು ಮನೆಗೂ ಕಳಲೆ ಮನೆಗೂ ಇದ್ದ ಬಿರುಕು ಈಗ ಕಳಲೆ ಮನೆಯೊಳಗೇ ಬಂತು.

1758ರಲ್ಲಿ ದಂಡಿಗೆ ಸಂಬಳವಿಲ್ಲ. ಸಿಪಾಯಿಗಳು ನಂಜರಾಜನ ಮನೆಬಾಗಿಲಲ್ಲಿ ಧರಣಿ ಕೂತರು. ಆ ಕಾಲದ ಧರಣಿಗೆ ಪೆಂಡಾಲು, ಮೈಕು ಇರಲಿಲ್ಲ. ಕೂತವರೂ ಉಣ್ಣುವುದಿಲ್ಲ, ಮನೆಯವರಿಗೂ ಉಣ್ಣಲು ಬಿಡುವುದಿಲ್ಲ, ನೀರು ಸಹ ಒಳಗೆ ಹೋಗುವಂತಿಲ್ಲ. ಹೈದರನಿಗೆ ಹೇಳಿಕಳಿಸಿದರು. ಅವನು ಬಂದ. ಖಂಡೇರಾಯನಿಗೆ ಲೆಕ್ಕದ ಪುಸ್ತಕ ಬಿಚ್ಚಲು ಹೇಳಿದ. ಅರಮನೆಯಲ್ಲಿ ಉಳಿದದ್ದನ್ನೆಲ್ಲ ತೂಗಿ ಹಂಚಿ, ಸುಳ್ಳು ಬಾಕಿಗಳನ್ನು ಹೊಡೆದುಹಾಕಿ, ಗಲಾಟೆ ಅಡಗಿಸಿದ. ಅಣ್ಣತಮ್ಮಂದಿರನ್ನೂ ಅವನೇ ಕೂಡಿಸಿದ. ಆ ರಾಜಿಯಾದ ಕೆಲವೇ ದಿನಗಳಲ್ಲಿ ದೇವರಾಜಯ್ಯ ತೀರಿಕೊಂಡ. ಎರಡು ಕಡೆಯವರೂ ನಂಬುವ ಒಬ್ಬ ಮಧ್ಯಸ್ಥ ಊರಿಗೆ ಸಿಕ್ಕಿದ್ದ. ಪಾಲಿನ ದಾವೆಗಳಲ್ಲಿ ನನಗೆ ಎದುರು ವಕೀಲರಿಗಿಂತ ಹೆಚ್ಚು ಭಯ ಹುಟ್ಟಿಸುವವನು ಈ ಮಧ್ಯಸ್ಥನೇ.

ಮುಂದಿನ ಮೂರು ವರ್ಷ ನಡೆದದ್ದನ್ನು ಬೇಗ ಹೇಳುತ್ತೇನೆ, ಬೇಗವೇ ನಡೆದುಹೋಯಿತು ಅದು. 1759ರಲ್ಲಿ ದೊಡ್ಡ ಕೃಷ್ಣರಾಜರ ವಿಧವೆ ದೇವಾಜಮ್ಮಣ್ಣಿಯವರೂ ಖಂಡೇರಾಯನೂ ಹೈದರನ ಜೊತೆ ಸೇರಿ ನಂಜರಾಜನನ್ನು ಅಧಿಕಾರದಿಂದ ಇಳಿಸಿದರು. ಅವನು ಕೊನೆಗೆ ಕೋಣನೂರು ಸೇರಿದ. ಖಂಡೇರಾಯ ದೊರೆಯ ಪ್ರಧಾನನಾದ. ಗುಮಾಸ್ತ ಪ್ರಧಾನನಾದ ಮೇಲೆ ಹಳೆಯ ಯಜಮಾನನನ್ನು ಯಾಕೆ ಇಟ್ಟುಕೊಳ್ಳುತ್ತಾನೆ? 1760ರ ಆಗಸ್ಟ್ 12ರಂದು ಕೋಟೆಯ ಫಿರಂಗಿಗಳು ಹೊರಗೆ ಬಿಡಾರ ಹೂಡಿದ್ದ ಹೈದರನ ಕಡೆ ತಿರುಗಿದವು. ಹೆಂಡತಿಮಕ್ಕಳನ್ನೂ ಬಿಟ್ಟು ರಾತ್ರೋರಾತ್ರಿ ಹೊಳೆ ದಾಟಿ ಬೆಂಗಳೂರಿಗೆ ಓಡಿದ ಹೈದರ್. ದಂಡು ಕೂಡಿಸಿಕೊಂಡು ಮತ್ತೆ ಬಂದ, ನಂಜನಗೂಡಿನ ಹತ್ತಿರ ಸೋತ. ಸೋತವನು ನೇರ ಹೋದದ್ದು ಕೋಣನೂರಿಗೆ, ತಾನೇ ಇಳಿಸಿದ್ದ ನಂಜರಾಜನ ಕಾಲಿಗೆ.

ನಂಜರಾಜ ಅವನನ್ನು ಎತ್ತಿಕೊಂಡ. ಇಲ್ಲಿ ನಾನು ಪ್ರತಿ ಸಲವೂ ಪುಸ್ತಕ ಮಡಿಸಿ ಇಡುತ್ತೇನೆ. ಅಷ್ಟು ಓದಿದವನು, ಅಷ್ಟು ಕಂಡವನು, ಯಾಕೆ ನಂಬಿದ? ನನಗೆ ಹೊಳೆಯುವುದು ಒಂದೇ: ಹೈದರನ ಮೇಲೆ ಇವನಿಗೆ ಪ್ರೀತಿಯೇನೂ ಉಳಿದಿರಲಿಲ್ಲ, ಅರಮನೆಯ ಮೇಲೆ ಹಗೆ ಉಳಿದಿತ್ತು. ಹೊರಗಿನವನು ತಿಂದರೂ ಸರಿ, ದಾಯಾದಿ ತಿನ್ನಬಾರದು ಎನ್ನುವವರನ್ನು ನಾನು ವಾರಕ್ಕೊಬ್ಬರಂತೆ ನೋಡಿದ್ದೇನೆ. ಅವರೆದುರು ಯಾವ ಕಾನೂನು ಪುಸ್ತಕವೂ ನಡೆಯುವುದಿಲ್ಲ.

ಹೈದರನಿಗೆ ನಂಜರಾಜನ ದಂಡಿಗಿಂತ ಹೆಚ್ಚು ಬೇಕಾಗಿದ್ದುದು ಅವನ ಮುದ್ರೆ. ಖಂಡೇರಾಯನ ಸರದಾರರಿಗೆ ಕಾಗದ ಬರೆಸಿದ, ನೀವು ಒಪ್ಪಿಕೊಂಡಂತೆ ಖಂಡೇರಾಯನನ್ನು ಹಿಡಿದುಕೊಡಿ ಎಂದು. ಸರದಾರರು ಏನನ್ನೂ ಒಪ್ಪಿಕೊಂಡಿರಲಿಲ್ಲ. ಕಾಗದದ ಮೇಲೆ ಕಳಲೆಯ ಮುದ್ರೆ. ಅದು ತಲುಪಬೇಕಾದವರಿಗೆ ತಲುಪದೆ ಖಂಡೇರಾಯನ ಕೈಗೇ ಸಿಗುವಂತೆ ನೋಡಿಕೊಂಡ. ಓದಿದ ಖಂಡೇರಾಯ ತನ್ನ ದಂಡನ್ನೇ ಬಿಟ್ಟು ಓಡಿದ. ನೂರೈವತ್ತು ವರ್ಷ ಮೈಸೂರಿನಲ್ಲಿ ನಡೆದ ಒಂದು ಮನೆತನದ ಹೆಸರು ಕೊನೆಯ ಸಲ ಕೆಲಸಕ್ಕೆ ಬಂದದ್ದು ಹೀಗೆ, ಒಂದು ಖೊಟ್ಟಿ ಪತ್ರಕ್ಕೆ.

1761ರಲ್ಲಿ ಹೈದರ್ ಬರೆಸಿದ ತೀರುವಳಿಯನ್ನು ಯಾವ ಸಬ್ ಜಡ್ಜಾದರೂ ಗುರುತು ಹಿಡಿಯಬಲ್ಲರು. ದೊರೆಯ ಖರ್ಚಿಗೆ ಮೂರು ಲಕ್ಷ ವರಹದ ಸೀಮೆ, ನಂಜರಾಜನಿಗೆ ಒಂದು ಲಕ್ಷದ್ದು, ಮಿಕ್ಕ ರಾಜ್ಯವನ್ನು ನೋಡಿಕೊಳ್ಳುವ ಭಾರ ಹೈದರನದು. ಇಬ್ಬರಿಗೂ ಜೀವನಾಂಶ! ಖಂಡೇರಾಯನನ್ನು ಒಪ್ಪಿಸುವಾಗ ಅರಮನೆಯವರು ಅವನ ಜೀವ ಉಳಿಸಬೇಕೆಂದು ಬೇಡಿಕೊಂಡರಂತೆ. ಗಿಣಿಯ ಹಾಗೆ ಸಾಕುತ್ತೇನೆ ಎಂದು ಹೈದರ್ ಮಾತು ಕೊಟ್ಟನಂತೆ, ಹಾಲು ಅನ್ನ ಕೊಟ್ಟು ಕಬ್ಬಿಣದ ಪಂಜರದಲ್ಲಿ ಸಾಕಿದನಂತೆ. ನಂಜರಾಜನ ಒಂದು ಲಕ್ಷದ ಸೀಮೆಯೂ ಬಹಳ ಕಾಲ ಅವನಿಗೆ ದಕ್ಕಲಿಲ್ಲ. ಹೈದರ್ ಅವನನ್ನೂ ಕಾವಲಿನಲ್ಲಿಟ್ಟ.

ಆದರೂ ಹೈದರ್ ಗದ್ದುಗೆಯ ಮೇಲೆ ತಾನು ಕೂರಲಿಲ್ಲ. ದಸರೆಯಲ್ಲಿ ಒಡೆಯರನ್ನು ಕೂರಿಸಿ ಜನಕ್ಕೆ ತೋರಿಸುತ್ತಿದ್ದ. ಕಳಲೆಯವರಿಂದ ಅವನು ಕಲಿತ ದೊಡ್ಡ ಪಾಠ ಅದು. 1776ರಲ್ಲಿ ದೊರೆಯ ಸ್ಥಾನ ಮತ್ತೆ ಖಾಲಿಯಾದಾಗ ಅರಸು ಮನೆತನಗಳ ಮಕ್ಕಳನ್ನೆಲ್ಲ ಒಂದು ಹಜಾರಕ್ಕೆ ತರಿಸಿ, ಆಟದ ಸಾಮಾನು, ಹಣ್ಣು, ಆಯುಧ ಹರವಿಸಿದ ಎಂದು ಹೇಳುತ್ತಾರೆ. ಮಕ್ಕಳು ಗೊಂಬೆ, ಮಿಠಾಯಿಗೆ ಬಿದ್ದರು. ಒಬ್ಬ ಮಾತ್ರ ಒಂದು ಕೈಯಲ್ಲಿ ಹೊಳೆಯುವ ಪುಟ್ಟ ಕಠಾರಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದ. ಇವನೇ ದೊರೆ ಎಂದ ಹೈದರ್. ಆ ಮಗುವೇ ಖಾಸಾ ಚಾಮರಾಜ. ಹುಟ್ಟಿದ ಅರಿಕುಠಾರ ಇಂದು ಚಾಮರಾಜನಗರ. 1734ರಲ್ಲಿ ಕಳಲೆಯವರು ಗುಟ್ಟಾಗಿ ಮಾಡಿದ ಕೆಲಸವನ್ನು ಹೈದರ್ ಹಬ್ಬದ ಹಾಗೆ ಮಾಡಿದ, ಅಷ್ಟೇ ವ್ಯತ್ಯಾಸ.

ಇಷ್ಟರಲ್ಲಿ ಒಳಗಿನಿಂದ ಇನ್ನೊಬ್ಬರು ದಾವೆ ಹೂಡಿದ್ದರು. ಇಮ್ಮಡಿ ಕೃಷ್ಣರಾಜರ ಇನ್ನೊಬ್ಬ ರಾಣಿ ಲಕ್ಷ್ಮಮ್ಮಣ್ಣಿ, ಕತ್ತಿ ಗೋಪಾಲರಾಜ ಅರಸರ ಮಗಳು. ಮೈಸೂರಲ್ಲ, ಕಳಲೆಯಲ್ಲ, ಬೆಟ್ಟದಕೋಟೆಯ ಮನೆ. ಹೊರಗೆ ಬರುವಂತಿಲ್ಲ, ದಂಡಿಲ್ಲ, ಹಣವಿಲ್ಲ. ಇದ್ದದ್ದು ವಕಾಲತ್ತು ಬರೆದುಕೊಡುವ ಹಕ್ಕೊಂದೇ. ತಿರುಮಲರಾಯ, ನಾರಾಯಣರಾಯ ಎಂಬ ಸಹೋದರರಿಗೆ ಅದನ್ನು ಕೊಟ್ಟರು. ರಾಜ್ಯ ಒಡೆಯರಿಗೆ ವಾಪಸು ಬಂದರೆ ಪ್ರಧಾನಿಕೆ ನಿಮ್ಮ ವಂಶಕ್ಕೆ, ರಾಜ್ಯದ ವರಮಾನದಲ್ಲಿ ಹತ್ತನೆಯ ಒಂದು ಪಾಲು ನಿಮಗೆ. 1782ರಲ್ಲಿ ತಂಜಾವೂರಿನಲ್ಲಿ ಇಂಗ್ಲಿಷರ ರೆಸಿಡೆಂಟ್ ಸಲಿವನ್ನನ ಜೊತೆ ರಾಣಿಯ ಹೆಸರಿನಲ್ಲಿ ಕರಾರು ಆಯಿತು. ಮುಂದಿನ ಹದಿನೇಳು ವರ್ಷ ಆ ಸಹೋದರರು ಊರೂರು ಅಲೆದರು, ಅರ್ಜಿ ಬರೆದರು, ಕಾದರು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿತ್ತು, ಹೈದರನ ಮಗ ಟಿಪ್ಪು ಸತ್ತ. ಜೂನ್ 30ರಂದು ಮೈಸೂರಿನಲ್ಲಿ ಚಪ್ಪರ ಹಾಕಿ, ಖಾಸಾ ಚಾಮರಾಜರ ಐದು ವರ್ಷದ ಮಗನಿಗೆ ಮುಮ್ಮಡಿ ಕೃಷ್ಣರಾಜ ಎಂದು ಪಟ್ಟ ಕಟ್ಟಿದರು. ಆರಿಸಿದವರು ಇಂಗ್ಲಿಷರು. ದಳವಾಯಿ ಎಂಬ ಹುದ್ದೆ ಮತ್ತೆ ಹುಟ್ಟಲಿಲ್ಲ. ದಂಡಿನ ಜವಾಬ್ದಾರಿ ಇನ್ನು ಇಂಗ್ಲಿಷರ ಕಂಪನಿಯದು. ದಿವಾನರಾದವರು ಹೈದರ್, ಟಿಪ್ಪು ಇಬ್ಬರ ಹತ್ತಿರವೂ ದುಡಿದಿದ್ದ ಪೂರ್ಣಯ್ಯ. ತಿರುಮಲರಾಯನಿಗೆ ಪ್ರಧಾನಿಕೆಯೂ ಸಿಗಲಿಲ್ಲ, ಹತ್ತನೆಯ ಪಾಲೂ ಸಿಗಲಿಲ್ಲ.

ಕಳಲೆಯ ಸರ್ವೇಯರು ಅಂದು ಬಂದದ್ದು ಮೂರೂವರೆ ಗಂಟೆಗೆ. ಸರಪಳಿ ಹಿಡಿದು ಅಳೆದೆವು. ಗಡಿ ಸರಿಯಾಗಿ ಮರದ ಬೊಡ್ಡೆಯ ಮೇಲೇ ಹಾದುಹೋಯಿತು. ಹಾಗೇ ವರದಿ ಬರೆದೆ. ಮರುವರ್ಷ ದಾಯಾದಿಗಳು ಕೋರ್ಟಿನ ಹೊರಗೇ ರಾಜಿಯಾದರು. ಕಮಿಷನರ್ ಫೀಸು ಬಾಕಿ ಉಳಿಯಿತು. ಕೇಳಿದಾಗ ವಾದಿ ಪ್ರತಿವಾದಿಯ ಕಡೆ ಕೈತೋರಿಸಿದ, ಪ್ರತಿವಾದಿ ವಾದಿಯ ಕಡೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಇಬ್ಬರೂ ಒಟ್ಟಿಗೇ ಬಸ್ಸಿಳಿದು ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಒಂದು ಗೋಣಿಚೀಲ, ಅದರಲ್ಲಿ ಆರು ಸೇರು ಹುಣಸೆಹಣ್ಣು.